ಪೇಟೆ ಬೀದಿಯ ಸಾಲುಮನೆಗಳು: ಕುಟುಂಬದ ಇತಿಹಾಸ ಮತ್ತು ಸ್ವತ್ತಿನ ದಾಖಲೆಗಳು

ಬೆಂಗಳೂರಿನ ಹಳೆಯ ಪೇಟೆ ಪ್ರದೇಶದ ಸಾಲುಮನೆಗಳ ಖಾತಾ ವರ್ಗಾವಣೆ ಅಥವಾ ಖಾತಾ ವಿಭಜನೆಯನ್ನು ಕೋರುವಾಗ, ಹಳೆಯ ಪತ್ರಗಳಲ್ಲಿನ ವಿವರಕ್ಕೂ ಸ್ಥಳದಲ್ಲಿನ ಸ್ಥಿತಿಗೂ ವ್ಯತ್ಯಾಸ ಕಂಡುಬರುವುದುಂಟು. ಇದರ ಕಾರಣವನ್ನು ಅರಿಯಲು ಬೀದಿಯು ಬೆಳೆದ ಬಗೆಯನ್ನೂ ಕುಟುಂಬಗಳು ಕವಲೊಡೆದ ಬಗೆಯನ್ನೂ ತಿಳಿಯುವುದು ಅಗತ್ಯ.

ಬೀದಿಯ ಹಿನ್ನೆಲೆ

ಹದಿನಾರನೆಯ ಶತಮಾನದಲ್ಲಿ ಕೆಂಪೇಗೌಡರು ಸ್ಥಾಪಿಸಿದ ಪೇಟೆಯು ಕಸುಬು ಹಾಗೂ ವ್ಯಾಪಾರವನ್ನು ಆಧರಿಸಿ ಬೆಳೆಯಿತು. ಬಳೇಪೇಟೆ, ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ ಎಂಬ ಹೆಸರುಗಳು ಇದಕ್ಕೆ ಸಾಕ್ಷಿಯಾಗಿವೆ. ಇಲ್ಲಿನ ಮನೆಗಳು ಬೀದಿಯ ಕಡೆಗೆ ಕಿರಿದಾಗಿ, ಹಿಂದಕ್ಕೆ ಉದ್ದವಾಗಿ, ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಮುಂಭಾಗದಲ್ಲಿ ಜಗಲಿ ಅಥವಾ ಅಂಗಡಿ, ಒಳಗೆ ವಾಸ. ಎರಡು ಮನೆಗಳ ನಡುವೆ ಅನೇಕ ಕಡೆ ಒಂದೇ ಗೋಡೆ.

1898ರಲ್ಲಿ ನಗರಕ್ಕೆ ಪ್ಲೇಗ್ ಬಂದಾಗ ಗಾಳಿ ಬೆಳಕಿಲ್ಲದ ಇಕ್ಕಟ್ಟಾದ ವಸತಿಯ ಅಪಾಯವು ಸ್ಪಷ್ಟವಾಯಿತು. ತದನಂತರ ಮಲ್ಲೇಶ್ವರಂ ಮತ್ತು ಬಸವನಗುಡಿ ಬಡಾವಣೆಗಳು ಅಗಲವಾದ ರಸ್ತೆಗಳೊಂದಿಗೆ ಬೆಳೆದವು. ಪೇಟೆಯ ಸಾಲುಮನೆಗಳು ಮಾತ್ರ ಹಳೆಯ ಅಳತೆಯಲ್ಲೇ ಉಳಿದು, ಒಳಗೊಳಗೇ ವಿಭಾಗವಾಗುತ್ತಾ ಬಂದವು.

ಚಕ್ಕುಬಂದಿಯ ಮಹತ್ವ

ಹಳೆಯ ಕ್ರಯಪತ್ರ ಹಾಗೂ ವಿಭಾಗಪತ್ರಗಳಲ್ಲಿ ಮನೆಯನ್ನು ಅಂಕಣ, ಗಜ ಅಥವಾ ಅಡಿಗಳಲ್ಲಿ ಅಳೆದು, ನಾಲ್ಕು ದಿಕ್ಕಿನ ಚಕ್ಕುಬಂದಿಯನ್ನು ನೆರೆಯವರ ಹೆಸರಿನಿಂದಲೇ ಬರೆಯಲಾಗುತ್ತಿತ್ತು. ಪೂರ್ವಕ್ಕೆ ಇಂತಹವರ ಮನೆ, ಪಶ್ಚಿಮಕ್ಕೆ ಇಂತಹವರ ಹಿತ್ತಿಲು, ಉತ್ತರಕ್ಕೆ ಸಂದು ಎಂಬ ಬರಹವು ಆ ಕಾಲದ ಬೀದಿಯ ಚಿತ್ರಣವೇ ಆಗಿದೆ. ಮನೆಗಳು ಕೈಬದಲಾದಂತೆ ಆ ಹೆಸರುಗಳು ಇಂದು ಗುರುತಿಗೆ ಸಿಗದಿರಬಹುದು. 1949ರಲ್ಲಿ ನಗರ ಮತ್ತು ದಂಡು ಪ್ರದೇಶದ ಪುರಸಭೆಗಳು ಸೇರಿ ಒಂದೇ ಪಾಲಿಕೆಯಾಯಿತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೂ 2025ರಲ್ಲಿ ಐದು ನಗರ ಪಾಲಿಕೆಗಳೂ ರಚನೆಯಾದವು. ಒಂದೇ ಮನೆಗೆ ಹಳೆಯ ಹಾಗೂ ಹೊಸ ಸಂಖ್ಯೆಗಳಿದ್ದಲ್ಲಿ ಎರಡನ್ನೂ ಅರ್ಜಿಯಲ್ಲಿ ನಮೂದಿಸುವುದು ಸೂಕ್ತ.

ಕುಟುಂಬದ ಪಾಲು

ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು, ನಡುವೆ ಗೋಡೆ ಎತ್ತಿ, ಪ್ರತ್ಯೇಕ ಅಡುಗೆಮನೆ ಹೂಡಿದರೂ ಖಾತೆಯು ತಾತನ ಹೆಸರಿನಲ್ಲೇ ಮುಂದುವರಿದ ನಿದರ್ಶನಗಳಿವೆ. ಇಂತಹ ಸಂದರ್ಭದಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಸ್ವತ್ತಿನಲ್ಲಿ ಕರ್ನಾಟಕವು 1994ರಲ್ಲಿಯೇ ಹೆಣ್ಣುಮಕ್ಕಳಿಗೆ ಸಮಪಾಲು ನೀಡಿತಾದರೂ ಅದಕ್ಕೆ ಮುನ್ನ ವಿವಾಹವಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರ ತಿದ್ದುಪಡಿಯಲ್ಲಿ ಆ ಭೇದವಿಲ್ಲ. ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದೂ, ಆ ದಿನ ತಂದೆ ಬದುಕಿರಬೇಕಾದ ಅಗತ್ಯವಿಲ್ಲವೆಂದೂ ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಪಿತ್ತಿದೆ. 2004ರ ಡಿಸೆಂಬರ್ 20ಕ್ಕೆ ಮುನ್ನ ನೋಂದಾಯಿತ ಪತ್ರ ಅಥವಾ ನ್ಯಾಯಾಲಯದ ಡಿಕ್ರಿಯ ಮೂಲಕ ಆದ ವಿಭಾಗಗಳಿಗೆ ಈ ತಿದ್ದುಪಡಿಯಿಂದ ಬಾಧೆಯಿಲ್ಲ.

ಯಾವ ದಾಖಲೆ ಏನನ್ನು ತಿಳಿಸುತ್ತದೆ

1. ಖಾತಾ: ತೆರಿಗೆ ಪಾವತಿಗೆ ಹೊಣೆಯಾದವರ ವಿವರ. ಇದು ಒಡೆತನವನ್ನು ಸೃಷ್ಟಿಸುವ ಪತ್ರವಲ್ಲ.

2. ಋಣಭಾರ ಪ್ರಮಾಣಪತ್ರ: ಕೋರಿದ ಅವಧಿಯ ನೋಂದಾಯಿತ ವ್ಯವಹಾರಗಳು ಮಾತ್ರ. ಬಾಯಿಮಾತಿನ ಪಾಲು ಹಾಗೂ ನೋಂದಣಿಯಾಗದ ಉಯಿಲು ಇದರಲ್ಲಿ ಕಾಣಿಸುವುದಿಲ್ಲ.

3. ನೋಂದಾಯಿತ ಪತ್ರದ ದೃಢೀಕೃತ ನಕಲು: ಹಕ್ಕು ಯಾರಿಂದ ಯಾರಿಗೆ ಬಂದಿತೆಂಬ ವಿವರ ಹಾಗೂ ಚಕ್ಕುಬಂದಿ. ಇದನ್ನು ಉಪನೋಂದಣಿ ಕಚೇರಿಯಿಂದ ಪಡೆಯಬಹುದು.

4. ವಂಶವೃಕ್ಷ: ಮೂಲ ಖಾತೆದಾರರ ಎಲ್ಲ ವಾರಸುದಾರರು, ಮೃತರು ಹಾಗೂ ವಿವಾಹಿತ ಹೆಣ್ಣುಮಕ್ಕಳೂ ಸೇರಿದಂತೆ.

ಅರ್ಜಿದಾರರ ಗಮನಕ್ಕೆ

ವಾರಸುದಾರರಲ್ಲಿ ಯಾರಾದರೂ ತಮ್ಮ ಪಾಲನ್ನು ಬಿಟ್ಟುಕೊಡಲು ಒಪ್ಪಿದಲ್ಲಿ, ಅದನ್ನು ನೋಂದಾಯಿತ ಹಕ್ಕು ಬಿಡುಗಡೆ ಪತ್ರದ ಮೂಲಕ ದಾಖಲಿಸಬೇಕಾಗುತ್ತದೆ. ಒಬ್ಬ ವಾರಸುದಾರರ ಹೆಸರು ಬಿಟ್ಟುಹೋದ ವಂಶವೃಕ್ಷವು ಇಂದು ಕೆಲಸವನ್ನು ಸುಲಭಗೊಳಿಸಿದಂತೆ ಕಂಡರೂ, ಮುಂದೆ ಮಾರಾಟ ಅಥವಾ ಸಾಲದ ಸಮಯದಲ್ಲಿ ಇಡೀ ಮನೆಯನ್ನು ವ್ಯಾಜ್ಯಕ್ಕೆ ಒಳಪಡಿಸಬಹುದು. ಸಾಲುಮನೆಯನ್ನು ಕೆಡವಿ ಕಟ್ಟಲು ಉದ್ದೇಶಿಸಿದವರು, ನಡುವಣ ಗೋಡೆಯು ಯಾರಿಗೆ ಸೇರಿದ್ದೆಂಬುದನ್ನು ಎರಡೂ ಮನೆಗಳ ಪತ್ರಗಳಿಂದ ಮೊದಲೇ ಖಚಿತಪಡಿಸಿಕೊಳ್ಳತಕ್ಕದ್ದು. ಹಿರಿಯರು ಇರುವಾಗಲೇ ಹಳೆಯ ಪತ್ರಗಳನ್ನು ಅವರಿಂದ ಓದಿಸಿ, ಚಕ್ಕುಬಂದಿಯಲ್ಲಿನ ಹೆಸರುಗಳಿಗೆ ಇಂದಿನ ಮನೆಗಳನ್ನು ಗುರುತಿಸಿಟ್ಟುಕೊಂಡಲ್ಲಿ, ಮುಂದಿನ ಪೀಳಿಗೆಗೆ ಅನುಕೂಲವಾಗುತ್ತದೆ.