ಸಿಂಗಲ್ ಅಂದ್ರೆ ಒಂಟಿ ಅಲ್ಲ ಕಣ್ರೀ!

‘ಇಷ್ಟು ಜನರ ಜೊತೆ ಕಾಫಿ ಕುಡಿದೆ, ಇನ್ನೂ ಯಾರೂ ಸೆಟ್ ಆಗ್ಲಿಲ್ವೇನೇ?’ ಪಿ.ಜಿ. ಗೆಳತಿಯರ ಪ್ರಶ್ನೆ ಇದು. ಊರಿಗೆ ಹೋದರೆ ಅತ್ತೆಯದು ಉಲ್ಟಾ: ‘ಬೆಂಗಳೂರಲ್ಲಿ ಯಾರನ್ನೂ ನೋಡ್ಕೊಂಡಿಲ್ಲ ತಾನೇ?’ ಅತ್ತೆಗೆ ನಗುವೇ ಉತ್ತರ. ಗೆಳತಿಯರಿಗೆ ಮಾತ್ರ ನಿಜ ಹೇಳುತ್ತೇನೆ: ಹುಡುಗರನ್ನು ಭೇಟಿಯಾಗುತ್ತೇನೆ, ಆದರೂ ಸಿಂಗಲ್, ಖುಷಿಯಾಗಿದ್ದೇನೆ.

ಡೇಟಿಂಗ್ ಅಂದರೆ ನಿಶ್ಚಿತಾರ್ಥವಲ್ಲ. ಒಬ್ಬರನ್ನು ತಿಳಿದುಕೊಳ್ಳಲು ಒಂದು ಸಂಜೆ ಕೊಡುವುದು, ಅಷ್ಟೇ. ಉಳಿದ ವಾರವೆಲ್ಲ ಲ್ಯಾಬ್ ರೆಕಾರ್ಡ್, ಇಂಟರ್ನಲ್ಸ್, ಪ್ಲೇಸ್‌ಮೆಂಟ್ ತಯಾರಿ.

ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಒಮ್ಮೆ ಜೊತೆಗೆ ಬರಬೇಕಿದ್ದವನು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ. ನಾನೊಬ್ಬಳೇ ಒಳಗೆ ಹೋಗಿ ಕೂತೆ. ಪಕ್ಕದ ಸೀಟು ಖಾಲಿ, ನಾಟಕ ಸೊಗಸು. ‘ನನಗೋಸ್ಕರ ಕಾಯ್ಬಹುದಿತ್ತಲ್ಲ’ ಅಂತ ಅವನು ಮುನಿಸಿಕೊಂಡ. ಕಾದಿದ್ದರೆ ಇಬ್ಬರಿಗೂ ನಾಟಕ ತಪ್ಪುತ್ತಿತ್ತು!

ಇನ್ನೊಬ್ಬ ಒಳ್ಳೆಯವನೇ. ಮಾತು, ನಗು ಎಲ್ಲ ಹೊಂದುತ್ತಿತ್ತು. ಪುಣೆಯ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕ್ತೀನಿ ಅಂದಾಗ ಮಾತ್ರ ‘ನಾನಿಲ್ಲಿ, ನೀನಲ್ಲಿ ಅಂದ್ರೆ ಹೇಗೆ? ಬೇಡ ಬಿಡು’ ಅಂದ. ನಾನು ಅರ್ಜಿ ಹಾಕಿದೆ. ಇಂಟರ್ನ್‌ಶಿಪ್ ಸಿಗಲಿಲ್ಲ, ಅವನೂ ದೂರವಾದ. ಎರಡು ದಿನ ಊಟ ಸೇರಲಿಲ್ಲ. ಆದರೂ ಅರ್ಜಿ ಹಾಕಿದ್ದಕ್ಕೆ ಬೇಸರವಿಲ್ಲ. ಅಪ್ಪ ಸಾಲ ಮಾಡಿ ಫೀಸು ಕಟ್ಟಿರುವುದು ನನ್ನ ಓದಿಗೆ. ಎರಡು ತಿಂಗಳ ಪರಿಚಯಕ್ಕೆ ಅದನ್ನು ಒತ್ತೆ ಇಡಲು ಮನಸ್ಸು ಬರಲಿಲ್ಲ.

ನನಗೆ ನಾನೇ ಹಾಕಿಕೊಂಡ ಕೆಲವು ನಿಯಮಗಳಿವೆ. ಮೊದಲ ಭೇಟಿ ಹಗಲಲ್ಲಿ, ಜನ ಓಡಾಡುವ ಕಡೆ. ಎಲ್ಲಿದ್ದೇನೆಂದು ರೂಮ್‌ಮೇಟ್‌ಗೆ ಗೊತ್ತಿರಬೇಕು. ದರ್ಶಿನಿಯ ಕಾಫಿಯಾದರೂ ಬಿಲ್ ಅರ್ಧರ್ಧ. ವಾಪಸ್ ಬರುವುದು ಬಿಎಂಟಿಸಿ ಬಸ್ಸಿನಲ್ಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ. ‘ಡ್ರಾಪ್ ಕೊಡ್ಲಾ?’ ಅಂದಾಗ ‘ಬೇಡ’ ಅನ್ನಲು ಅದು ಎಷ್ಟು ಧೈರ್ಯ ಕೊಡುತ್ತದೆ ಅಂತ ಹುಡುಗಿಯರನ್ನು ಕೇಳಿ. ಇಷ್ಟವಾಗದಿದ್ದರೆ ನೇರವಾಗಿ ಹೇಳಿಬಿಡುತ್ತೇನೆ. ಮೆಸೇಜಿಗೆ ಉತ್ತರ ಕೊಡದೆ ಸತಾಯಿಸುವುದಿಲ್ಲ.

ಒಂಟಿತನ ಕಾಡುವುದೇ ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಜ್ವರ ಬಂದ ರಾತ್ರಿ ಗಂಜಿ ಮಾಡಿಕೊಟ್ಟವಳು ರೂಮ್‌ಮೇಟ್. ಶನಿವಾರ ಬೆಳಿಗ್ಗೆ ‘ಕಬ್ಬನ್ ರೀಡ್ಸ್’ನವರು ಕಬ್ಬನ್ ಪಾರ್ಕ್‌ನಲ್ಲಿ ಮೌನವಾಗಿ ಓದುತ್ತ ಕೂರುತ್ತಾರೆ, ನಾನೂ ಒಂದು ಮರದಡಿ ಚಾಪೆ ಹಾಸುತ್ತೇನೆ. ‘ಒಬ್ಬಳೇ ಬಂದ್ಯಾ?’ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ನಾಳೆ ಸರಿಯಾದವನು ಸಿಗಬಹುದು. ಸಿಕ್ಕರೆ ಸಂತೋಷ. ನನ್ನ ಆರನೇ ಸೆಮಿಸ್ಟರ್ ಅಂತೂ ಅವನಿಗಾಗಿ ಕಾಯುವುದಿಲ್ಲ!