ಮಕ್ಕಳನ್ನು ಕರೆದುಕೊಂಡು ರಾತ್ರಿ ರೈಲಿನಲ್ಲಿ ಊರಿಗೆ ಹೊರಡುವಾಗ

ಬೆಂಗಳೂರಿನ ಉಪ್ಪಾರಪೇಟೆ ಎಂದರೆ ನಮ್ಮ ಕರಾವಳಿಯವರಲ್ಲಿ ಅನೇಕರಿಗೆ ತಟ್ಟನೆ ತಿಳಿಯಲಿಕ್ಕಿಲ್ಲ. ಮೆಜೆಸ್ಟಿಕ್ ಎಂದರೆ ಎಲ್ಲರಿಗೂ ಗೊತ್ತು. ಒಂದು ಕಾಲದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎದ್ದಿರುವ ಬಸ್ ನಿಲ್ದಾಣ, ಎದುರಿಗೆ ಈಗ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಹೊತ್ತಿರುವ ರೈಲು ನಿಲ್ದಾಣ, ನಡುವೆ ಸಾಲುಸಾಲು ಲಾಡ್ಜು, ಹೋಟೆಲು, ಬ್ಯಾಗಿನ ಅಂಗಡಿಗಳು. ಉಪ್ಪಾರಪೇಟೆ ಇರುವುದು ಈ ಗದ್ದಲದ ಮಗ್ಗುಲಲ್ಲೇ. ಮೊಂತಿ ಹಬ್ಬಕ್ಕೆ, ಕ್ರಿಸ್ಮಸ್‌ಗೆ, ಬೇಸಿಗೆ ರಜೆಗೆ ಊರಿಗೆ ಹೊರಡುವ ನಮ್ಮ ಕುಟುಂಬಗಳು ಸಂಜೆಯಾಗುತ್ತಲೇ ಬಂದು ಸೇರುವುದೂ ಇಲ್ಲಿಗೇ. ಒಂದು ಕೈಯಲ್ಲಿ ಸೂಟ್‌ಕೇಸ್, ಇನ್ನೊಂದು ಕೈಯಲ್ಲಿ ನಿದ್ದೆಗಣ್ಣಿನ ಮಗು.

ಈ ಸೌಕರ್ಯ ನಮಗೆ ಸುಲಭದಲ್ಲಿ ಸಿಕ್ಕಿದ್ದಲ್ಲ. ಹಾಸನ–ಮಂಗಳೂರು ನಡುವೆ ಮೀಟರ್ ಗೇಜ್ ಹಳಿ ಬಂದದ್ದು 1979ರಲ್ಲಿ. ತೊಂಬತ್ತರ ದಶಕದ ನಡುವಿನಲ್ಲಿ ಬ್ರಾಡ್ ಗೇಜ್‌ಗಾಗಿ ಅದನ್ನು ಮುಚ್ಚಿದ ಮೇಲೆ, ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. ನಡುವಿನ ಆ ವರ್ಷಗಳಲ್ಲಿ ಶಿರಾಡಿ ಘಾಟಿಯ ತಿರುವುಗಳಲ್ಲಿ ರಾತ್ರಿ ಬಸ್ಸಿನ ಕಿಟಕಿಗೆ ಮಗುವನ್ನು ಹಿಡಿದು ವಾಂತಿ ಮಾಡಿಸಿದ ತಾಯಂದಿರಿಗೆ ರೈಲಿನ ಬೆಲೆ ಹೇಳಿಕೊಡಬೇಕಾಗಿಲ್ಲ. ಕಾಲು ಚಾಚಿ ಮಲಗಬಹುದು, ಶೌಚಾಲಯವಿದೆ, ಮಗು ಅತ್ತರೆ ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆಯಬಹುದು. ಮಕ್ಕಳಿಗೆ ರೈಲೇ ಒಳ್ಳೆಯದು ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ.

ಆದರೂ ಈ ಲೇಖನ ಬರೆಯಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಮೊಂತಿ ಹಬ್ಬಕ್ಕೆ ಊರಿಗೆ ಹೊರಟಿದ್ದೆವು. ಪ್ಲಾಟ್‌ಫಾರ್ಮ್‌ಗೆ ರೈಲು ಬಂದು ನಿಂತಿತ್ತು. ನಮ್ಮಲ್ಲೊಬ್ಬರು ಬ್ಯಾಗುಗಳನ್ನು ಒಳಗೆ ಸೇರಿಸುತ್ತಿದ್ದೆವು, ಇನ್ನೊಬ್ಬರು ನೀರಿನ ಬಾಟಲಿಗಾಗಿ ಅಂಗಡಿಯ ಮುಂದೆ ನಿಂತಿದ್ದೆವು. ನಾಲ್ಕು ವರ್ಷದ ಮಗಳು ಇನ್ನೊಬ್ಬರ ಜೊತೆಗಿದ್ದಾಳೆ ಎಂದು ಇಬ್ಬರೂ ತಿಳಿದಿದ್ದೆವು. ನೀರು ತಂದು ಬರ್ತಿನ ಬಳಿ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡಾಗಲೇ ಗೊತ್ತಾದದ್ದು. ಆ ಹತ್ತು ನಿಮಿಷಗಳ ಬಗ್ಗೆ ಹೆಚ್ಚು ಬರೆಯಲು ಈಗಲೂ ಕೈ ಬರುವುದಿಲ್ಲ. ಅವಳು ಸಿಕ್ಕಿದ್ದು ಪಕ್ಕದ ಬೋಗಿಯಲ್ಲಿ. ಮುಂದೆ ಹೋಗುತ್ತಿದ್ದ ಯಾರದೋ ನೀಲಿ ಸೀರೆಯನ್ನು ಅಮ್ಮನದೆಂದು ತಿಳಿದು ಹಿಂದೆಯೇ ಹತ್ತಿಬಿಟ್ಟಿದ್ದಳು. ಪುತ್ತೂರಿಗೆ ಹೊರಟಿದ್ದ ಒಬ್ಬ ಅಜ್ಜಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಇದು ಯಾರ ಮಗು ಮಾರಾಯ್ರೆ, ಯಾರಾದ್ರೂ ನೋಡಿ" ಎಂದು ಬಾಗಿಲ ಕಡೆಗೆ ಕೂಗುತ್ತಿದ್ದರು. ರೈಲು ಹೊರಡಲು ಇನ್ನೂ ಸಮಯವಿತ್ತು, ಅಷ್ಟೇ ನಮ್ಮ ಪುಣ್ಯ.

ಅಂದಿನಿಂದ ನಾವು ಗಮನಿಸುತ್ತಾ ಬಂದ ಒಂದು ವಿಷಯವನ್ನು ಓದುಗರ ಮುಂದಿಡುತ್ತೇವೆ. ಓಡುವ ರೈಲಿನಲ್ಲಿ ಮಕ್ಕಳಿಗೆ ಏನಾದೀತೋ ಎಂದು ನಾವು ಹೆದರುತ್ತೇವೆ. ಆದರೆ ರೈಲು ನಿಂತಿರುವಾಗಲೇ ಅಪಾಯ ಹೆಚ್ಚು. ಹತ್ತುವ ಹೊತ್ತಿನ ಅರ್ಧ ಗಂಟೆ, ಇಳಿಯುವ ಹೊತ್ತಿನ ಎರಡು ನಿಮಿಷ. ತಯಾರಿ ಎಲ್ಲ ಈ ಎರಡು ಹೊತ್ತುಗಳಿಗಾಗಿಯೇ ಆಗಬೇಕು. ತಿಂಡಿ, ಆಟಿಕೆ, ಹೊದಿಕೆಗಳ ಯೋಚನೆ ಆಮೇಲೆ.

ಮೊದಲು ಟಿಕೆಟಿನ ವಿಷಯ, ಏಕೆಂದರೆ ಇಲ್ಲಿ ಮಾಡಿದ ತಪ್ಪು ರಾತ್ರಿಯಿಡೀ ಕಾಡುತ್ತದೆ. ಐದು ವರ್ಷ ತುಂಬದ ಮಗುವಿಗೆ ಟಿಕೆಟ್ ಬೇಕಾಗಿಲ್ಲ, ಬರ್ತೂ ಸಿಗುವುದಿಲ್ಲ. ಐದರಿಂದ ಹನ್ನೆರಡು ತುಂಬುವವರೆಗಿನ ಮಕ್ಕಳಿಗೆ ಹಿಂದೆ ಅರ್ಧ ದರದಲ್ಲೇ ಬರ್ತ್ ಸಿಗುತ್ತಿತ್ತು. 2016ರ ಏಪ್ರಿಲ್‌ನಿಂದ ಆ ನಿಯಮ ಬದಲಾಗಿದೆ. ಬರ್ತ್ ಬೇಕೆಂದರೆ ಪೂರ್ತಿ ದರ ಕೊಡಬೇಕು, ಅರ್ಧ ದರ ಕೊಟ್ಟರೆ ಬರ್ತ್ ಇಲ್ಲ. ಟಿಕೆಟ್ ಮಾಡುವಾಗ ಇದನ್ನು ಗಮನಿಸದೆ, ಹತ್ತು ವರ್ಷದ ಹುಡುಗನನ್ನು ಪಕ್ಕದಲ್ಲಿ ಒತ್ತಿಕೊಂಡು ಬೆಳಗಿನವರೆಗೆ ಕುಳಿತೇ ಬಂದ ತಂದೆಯರನ್ನು ಕಂಡಿದ್ದೇವೆ. ಏಳೆಂಟು ವರ್ಷ ದಾಟಿದ ಮಗುವಿಗೆ ಬರ್ತ್ ತೆಗೆದುಕೊಳ್ಳುವುದೇ ಲೇಸು. ಐದಾರು ವರ್ಷದವರಾದರೆ ತಾಯಿಯ ಮಗ್ಗುಲಲ್ಲಿ ಹೇಗೋ ಆಗುತ್ತದೆ.

2024ರ ನವೆಂಬರ್‌ನಿಂದ ಮುಂಗಡ ಟಿಕೆಟ್ ಸಿಗುವುದು 60 ದಿನ ಮೊದಲು ಮಾತ್ರ. ಮೊದಲು ಅದು 120 ದಿನವಿತ್ತು. ಡಿಸೆಂಬರ್ 22, 23ರ ರಾತ್ರಿ ಹೊರಡುವವರು ಅಕ್ಟೋಬರ್ 23, 24ನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು.

ಸ್ಲೀಪರ್ ಬೋಗಿಯಲ್ಲಿ ಎಂಟೆಂಟು ಬರ್ತುಗಳ ಗುಂಪು. 1 ಮತ್ತು 4 ಕೆಳಗಿನವು, 2 ಮತ್ತು 5 ನಡುವಿನವು, 3 ಮತ್ತು 6 ಮೇಲಿನವು, 7 ಪಕ್ಕದ ಕೆಳಗಿನದು, 8 ಪಕ್ಕದ ಮೇಲಿನದು. ಮುಂದೆಯೂ ಇದೇ ಲೆಕ್ಕ: 9, 12, 17, 20 ಹೀಗೆ ಕೆಳಗಿನ ಬರ್ತುಗಳು. ಬೋಗಿಯ ಎರಡೂ ತುದಿಗಳಲ್ಲಿ ಬಾಗಿಲು ಮತ್ತು ಶೌಚಾಲಯ. ಹಾಗಾಗಿ ಮಕ್ಕಳಿರುವವರಿಗೆ ನಡುಭಾಗದ, ಅಂದರೆ 30ರ ಆಸುಪಾಸಿನ ಸಂಖ್ಯೆಗಳು ಒಳ್ಳೆಯವು. ಕೇಳಿದ್ದೇ ಸಿಗುತ್ತದೆ ಎಂಬ ಭರವಸೆ ಇಲ್ಲ. ಸಿಗದಿದ್ದರೆ ಹತ್ತಿದ ಕೂಡಲೇ ಪಕ್ಕದವರನ್ನು ವಿನಯದಿಂದ ಕೇಳಿ. ಹಸುಗೂಸನ್ನು ಎತ್ತಿಕೊಂಡ ತಾಯಿಗೆ ಕೆಳಗಿನ ಬರ್ತ್ ಕೊಡದವರನ್ನು ನಾವು ಇದುವರೆಗೆ ಒಬ್ಬರನ್ನೋ ಇಬ್ಬರನ್ನೋ ಕಂಡಿರಬಹುದು. ಇನ್ನೊಂದು ವಿಷಯ: ಅರುವತ್ತು ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತಿನ ಕೋಟಾ ಇದೆ. ಆದರೆ ಒಂದೇ ಟಿಕೆಟಿನಲ್ಲಿ ಇಬ್ಬರಿಗಿಂತ ಹೆಚ್ಚು ಜನರಿದ್ದರೆ ಅದು ಅನ್ವಯಿಸುವುದಿಲ್ಲ. ಅಜ್ಜ ಅಜ್ಜಿಯರ ಟಿಕೆಟನ್ನು ಮಕ್ಕಳ ಟಿಕೆಟಿನೊಂದಿಗೆ ಸೇರಿಸಿ, ಆಮೇಲೆ ಮಂಡಿನೋವಿನ ಅಜ್ಜಿಗೆ ಮೇಲಿನ ಬರ್ತ್ ಬಂತೆಂದು ಬೇಸರಪಡುವವರು ಇದನ್ನು ತಿಳಿದಿರಬೇಕು.

ಹೊರಡುವ ನಿಲ್ದಾಣ ಯಾವುದೆಂದು ಟಿಕೆಟಿನಲ್ಲಿ ಎರಡು ಸಲ ಓದಿಕೊಳ್ಳಿ. ಮಂಗಳೂರು ದಾರಿಯಾಗಿ ಕಣ್ಣೂರಿಗೆ ಹೋಗುವ ರಾತ್ರಿ ರೈಲು, ಉಡುಪಿ–ಕುಂದಾಪುರ ದಾರಿಯಾಗಿ ಕಾರವಾರಕ್ಕೆ ಹೋಗುವ ಪಂಚಗಂಗಾ ಇವು ಮೆಜೆಸ್ಟಿಕ್‌ನವು. ಮೈಸೂರು ಸುತ್ತಿ ಮುರ್ಡೇಶ್ವರಕ್ಕೆ ಬರುವ ರೈಲು ಹೊರಡುವುದು ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ. ಸಂಜೆಯ ಟ್ರಾಫಿಕ್‌ನಲ್ಲಿ ಮಕ್ಕಳೊಂದಿಗೆ ಒಂದರಿಂದ ಇನ್ನೊಂದಕ್ಕೆ ಓಡುವ ಪಾಡು ಯಾರಿಗೂ ಬೇಡ.

ಮೆಜೆಸ್ಟಿಕ್‌ನಲ್ಲಿ ಹತ್ತು ಪ್ಲಾಟ್‌ಫಾರ್ಮ್‌ಗಳಿವೆ. ಒಂದನೆಯದು ಬಸ್ ನಿಲ್ದಾಣದ ಕಡೆಗೆ, ಹತ್ತನೆಯದು ಹಿಂದೆ ಓಕಳಿಪುರದ ಕಡೆಗೆ. ಆಟೋದವರಿಗೆ ಯಾವ ಕಡೆ ಎಂದು ಮೊದಲೇ ಹೇಳಿದರೆ ಮಕ್ಕಳನ್ನು ನಡೆಸುವ ದೂರ ಎಷ್ಟೋ ಕಡಿಮೆಯಾಗುತ್ತದೆ. ಮುಕ್ಕಾಲು ಗಂಟೆ ಮೊದಲೇ ಬಂದರೆ ಒಳ್ಳೆಯದು. ಎರಡು ಗಂಟೆ ಮೊದಲು ಬರುವುದು ಮಾತ್ರ ಬೇಡ, ಮಕ್ಕಳು ಬೇಸತ್ತು ಓಡಾಡಲು ಶುರುಮಾಡುತ್ತಾರೆ.

ಇನ್ನು ಮುಖ್ಯ ವಿಷಯ. ನಿಲ್ದಾಣದೊಳಗೆ ಕಾಲಿಟ್ಟ ಗಳಿಗೆಯಿಂದ ಬರ್ತಿನಲ್ಲಿ ಕೂರುವವರೆಗೆ ಮಗು ಯಾರ ಕೈಯಲ್ಲಿ ಎಂಬುದನ್ನು ಹೆಸರು ಹೇಳಿ ನಿಶ್ಚಯಿಸಿ. "ನಾವಿಬ್ಬರೂ ನೋಡಿಕೊಳ್ಳುತ್ತೇವೆ" ಎಂದರೆ ಯಾರೂ ನೋಡಿಕೊಳ್ಳುತ್ತಿಲ್ಲ ಎಂದೇ ಅರ್ಥ. ಇದು ನಾವು ಪೆಟ್ಟು ತಿಂದು ಕಲಿತದ್ದು. ಮಗುವನ್ನು ಹಿಡಿದವರ ಇನ್ನೊಂದು ಕೈಯಲ್ಲಿ ಬ್ಯಾಗು, ಮೊಬೈಲು ಯಾವುದೂ ಬೇಡ. ಕೈ ಬದಲಾಯಿಸುವಾಗ ಬಾಯಿಬಿಟ್ಟು ಹೇಳಬೇಕು: "ಇವಳು ಈಗ ನಿಮ್ಮ ಜೊತೆ." ಒಬ್ಬರೇ ಇಬ್ಬರು ಮಕ್ಕಳೊಂದಿಗೆ ಹೊರಟಿದ್ದರೆ ಸಾಮಾನಿಗೆ ಕೂಲಿಯವರನ್ನು ಮಾಡಿಕೊಳ್ಳಿ, ಆ ಹಣ ದಂಡವಲ್ಲ. ಮಗುವಿನ ಕಿಸೆಯಲ್ಲಿ ತಂದೆ ತಾಯಿಯ ಫೋನ್ ನಂಬರ್ ಬರೆದ ಚೀಟಿ ಇರಲಿ. ಬಾಯಿಪಾಠ ಮಾಡಿಸಿದ್ದರೆ ಇನ್ನೂ ಒಳ್ಳೆಯದು, ಆದರೆ ಅಳುವ ಮಗುವಿಗೆ ಅಂಕೆಗಳು ನೆನಪಿಗೆ ಬರುವುದಿಲ್ಲ. ಹೊರಡುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಆ ದಿನ ಪೊಲೀಸರು ಮಗಳು ಯಾವ ಬಣ್ಣದ ಬಟ್ಟೆ ಹಾಕಿದ್ದಳು ಎಂದು ಕೇಳಿದಾಗ ನಮ್ಮಿಬ್ಬರ ಉತ್ತರವೂ ಬೇರೆ ಬೇರೆಯಾಗಿತ್ತು.

ಮಗು ಕಾಣದಾದರೆ ತಾವೇ ಹುಡುಕಿ ನೋಡೋಣ ಎಂದು ಕಾಯಬೇಡಿ. ಒಬ್ಬರು ಕಡೆಯ ಸಲ ಕಂಡ ಜಾಗದಲ್ಲೇ ನಿಲ್ಲಲಿ, ಇನ್ನೊಬ್ಬರು ರೈಲ್ವೆ ರಕ್ಷಣಾ ಪಡೆಯವರಿಗೆ ತಿಳಿಸಲಿ ಅಥವಾ 139ಕ್ಕೆ ಕರೆ ಮಾಡಲಿ. ಮಗು ಕೆಳಗುಳಿದು ರೈಲು ಚಲಿಸತೊಡಗಿದರೆ ಸರಪಳಿ ಎಳೆಯಲು ಹಿಂಜರಿಯಬೇಡಿ. ಸಕಾರಣವಿಲ್ಲದೆ ಎಳೆದವರಿಗೆ ಮಾತ್ರ ಕಾನೂನಿನಲ್ಲಿ ಶಿಕ್ಷೆ ಇದೆ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ದೊಡ್ಡ ನಿಲ್ದಾಣಗಳಲ್ಲಿ ಒಂಟಿಯಾಗಿ ಕಾಣುವ ಮಕ್ಕಳೆಲ್ಲ ಕೈತಪ್ಪಿದವರಲ್ಲ. ಮನೆ ಬಿಟ್ಟು ಬಂದವರೂ ಇದ್ದಾರೆ, ಕೆಲಸದ ಆಸೆ ತೋರಿಸಿ ಯಾರೋ ಕರೆತಂದವರೂ ಇದ್ದಾರೆ. ರೈಲ್ವೆ ರಕ್ಷಣಾ ಪಡೆ 'ನನ್ಹೇ ಫರಿಶ್ತೇ' ಎಂಬ ಕಾರ್ಯಾಚರಣೆಯಲ್ಲಿ 2018ರಿಂದ 2024ರ ಮೇ ತಿಂಗಳವರೆಗೆ ದೇಶದಾದ್ಯಂತ 84,119 ಮಕ್ಕಳನ್ನು ರಕ್ಷಿಸಿದೆ. ಬೆಂಗಳೂರಿನಲ್ಲಿ ಸಲೇಸಿಯನ್ ಸಭೆಯವರು 1980ರಲ್ಲಿ ಆರಂಭಿಸಿದ ಬಾಸ್ಕೊ, ಅಂದರೆ ಬ್ಯಾಂಗಲೋರ್ ಓಣಿಯವರ ಸೇವಾ ಕೂಟ, ಇಂಥ ಮಕ್ಕಳಿಗಾಗಿಯೇ ದುಡಿಯುತ್ತಾ ಬಂದಿದೆ. ಮೆಜೆಸ್ಟಿಕ್‌ಗೆ ದೂರವಲ್ಲದ ಚಾಮರಾಜಪೇಟೆಯಲ್ಲಿ ಅವರ 'ಬಾಸ್ಕೊ ಮನೆ' ಇದೆ. ರೈಲಿನಲ್ಲಿ ಒಂಟಿ ಮಗು ಕಂಡರೆ ಕನಿಕರದಿಂದ ಮನೆಗೆ ಕರೆದುಕೊಂಡು ಹೋಗಬೇಡಿ. 1098 ಅಥವಾ 139ಕ್ಕೆ ಹೇಳಿ. ಅಂಥ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕೆಂದು ಕಾನೂನಿದೆ.

ರೈಲು ಹೊರಟ ಮೇಲೆ ಕೆಲಸ ಕಡಿಮೆ. ಚಿಕ್ಕ ಮಗು ಕೆಳಗಿನ ಬರ್ತಿನಲ್ಲಿ ಒಳಬದಿಗೆ, ಹೊರಬದಿಗೆ ದೊಡ್ಡವರು. ಮೇಲಿನ ಬರ್ತ್ ಮಕ್ಕಳಿಗೆ ಬಲು ಪ್ರೀತಿ, ಹತ್ತು ದಾಟದವರಿಗೆ ರಾತ್ರಿ ಬೇಡ. ಊಟ ಮನೆಯದೇ ಇರಲಿ: ಚಪಾತಿ, ಬಾಳೆಹಣ್ಣು, ಫ್ಲಾಸ್ಕಿನಲ್ಲಿ ಹಾಲು. ಸ್ಲೀಪರ್‌ನಲ್ಲಿ ಹೊದಿಕೆ ಕೊಡುವುದಿಲ್ಲ, ಡಿಸೆಂಬರ್‌ನಲ್ಲಿ ಸಕಲೇಶಪುರದ ಗಾಳಿ ಕಿಟಕಿಯ ಸಂದಿಯಿಂದಲೂ ಒಳಬರುತ್ತದೆ. ಕೆಂಪು ಗುರುತಿನ ತುರ್ತು ಕಿಟಕಿಯ ಸರಳುಗಳು ಎತ್ತಲು ಬರುವಂಥವು, ಅದರ ಬಳಿ ಮಗುವನ್ನು ಮಲಗಿಸಬೇಡಿ. ಶೌಚಾಲಯಕ್ಕೆ ಎಷ್ಟೇ ದೊಡ್ಡ ಮಕ್ಕಳಾದರೂ ಒಂಟಿಯಾಗಿ ಕಳಿಸಬೇಡಿ, ಅದರ ಪಕ್ಕದಲ್ಲೇ ಬೋಗಿಯ ಬಾಗಿಲಿದೆ, ಯಾರೋ ತೆರೆದಿಟ್ಟಿರುತ್ತಾರೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ. ಘಟ್ಟ, 57 ಸುರಂಗಗಳು. ಇಳಿಜಾರು ಐವತ್ತಕ್ಕೆ ಒಂದು, ಆದ್ದರಿಂದ ರೈಲು ಗಂಟೆಗೆ ಸುಮಾರು 30 ಕಿ.ಮೀ. ವೇಗದಲ್ಲಿ ತೆವಳುತ್ತದೆ. ನಡುರಾತ್ರಿ ಎಚ್ಚರಗೊಂಡು ರೈಲು ಕೆಟ್ಟಿತೇ ಎಂದು ಗಾಬರಿಯಾಗಬೇಕಾಗಿಲ್ಲ. ಸುರಂಗ ನೋಡಬೇಕೆಂದು ಹಟ ಹಿಡಿಯುವ ಮಕ್ಕಳಿಗೆ ಇನ್ನೊಮ್ಮೆ ಯಶವಂತಪುರದ ಹಗಲು ರೈಲಿನ ಆಸೆ ತೋರಿಸಿ ಮಲಗಿಸುವುದೇ ದಾರಿ. ಮಳೆಗಾಲದಲ್ಲಿ ಮಾತ್ರ ಎಚ್ಚರ ಬೇಕು. 2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಮಣ್ಣು ಕುಸಿದು ಹಲವು ದಿನ ಈ ದಾರಿಯಲ್ಲಿ ರೈಲುಗಳು ನಿಂತವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವವರು ಮಗುವಿಗೆ ಮರುದಿನ ಮಧ್ಯಾಹ್ನದವರೆಗೆ ಸಾಲುವಷ್ಟು ಹಾಲಿನ ಪುಡಿ, ನೀರು, ಔಷಧಿ ಇಟ್ಟುಕೊಳ್ಳಬೇಕು. ಘಟ್ಟದ ನಡುವೆ ಅಂಗಡಿಯಿಲ್ಲ, ಮೊಬೈಲ್ ಸಿಗ್ನಲ್ ಕೂಡ ಹೆಚ್ಚಾಗಿ ಸಿಗುವುದಿಲ್ಲ.

ಕ್ರೈಸ್ತ ಶಿಕ್ಷಣದ ಮಕ್ಕಳನ್ನೋ ವೇದಿ ಸೇವಕರನ್ನೋ ಪ್ರವಾಸಕ್ಕೆ ಕರೆದೊಯ್ಯುವ ಶಿಕ್ಷಕರಿಗೆ, ಗುರಿಕಾರರಿಗೆ ಒಂದು ಮಾತು. ಮೂವತ್ತು ಮಕ್ಕಳಿಗೆ ನಾಲ್ಕು ಜನ ದೊಡ್ಡವರು ಎಂದು ಲೆಕ್ಕ ಹಾಕಿದರೆ ಸಾಲದು. ಪ್ರತಿಯೊಬ್ಬರಿಗೂ ಇಂಥ ಮಕ್ಕಳೇ ಎಂದು ಹೆಸರಿನ ಪಟ್ಟಿ ಕೊಡಬೇಕು. ಎಣಿಸುವಾಗ ತಲೆ ಎಣಿಸಬೇಡಿ, ಹೆಸರು ಕರೆಯಿರಿ. ನಿಲ್ದಾಣದ ಗದ್ದಲದಲ್ಲಿ ಬೇರೆಯವರ ಮಗುವೂ ನಿಮ್ಮ ಮೂವತ್ತರಲ್ಲಿ ಸೇರಿಹೋಗುತ್ತದೆ.

ಕೊನೆಗೆ ಇಳಿಯುವ ವಿಷಯ. ಕರಾವಳಿಯ ಸಣ್ಣ ನಿಲ್ದಾಣಗಳಲ್ಲಿ ರೈಲು ನಿಲ್ಲುವುದು ಎರಡೇ ನಿಮಿಷ, ಅದೂ ಮಕ್ಕಳು ಗಾಢ ನಿದ್ದೆಯಲ್ಲಿರುವ ಮುಂಜಾವದಲ್ಲಿ. ಇಳಿಯುವ ಅರ್ಧ ಗಂಟೆ ಮೊದಲೇ ಮಕ್ಕಳನ್ನು ಎಬ್ಬಿಸಿ ಚಪ್ಪಲಿ ಹಾಕಿಸಿ. ಹಿಂದಿನ ನಿಲ್ದಾಣ ದಾಟಿದ ಕೂಡಲೇ ಸಾಮಾನು ಬಾಗಿಲ ಹತ್ತಿರ ಬರಲಿ, ಆದರೆ ರೈಲು ಪೂರ್ತಿ ನಿಲ್ಲುವವರೆಗೆ ಮಗು ಬಾಗಿಲ ಬಳಿ ಬರುವುದು ಬೇಡ. ಇಳಿಯುವ ಕ್ರಮ ಹೀಗಿರಲಿ: ಮೊದಲು ಒಬ್ಬರು ದೊಡ್ಡವರು ಕೆಳಗೆ, ಆಮೇಲೆ ಒಳಗಿನವರು ಎತ್ತಿ ಕೊಟ್ಟ ಮಕ್ಕಳು, ಆಮೇಲೆ ಸಾಮಾನು, ಕೊನೆಗೆ ಉಳಿದವರು. ನಮ್ಮಲ್ಲಿ ಹೆಚ್ಚಿನವರು ಮಾಡುವುದು ಇದರ ತಿರುಗುಮುರುಗು. ಊರಿಗೆಂದು ತಂದ ಕೇಕಿನ ಡಬ್ಬಿ, ಬಟ್ಟೆಯ ಗಂಟು ಮೊದಲು ಇಳಿಸಿ, "ಮಗುವನ್ನು ಕೊಡಿ, ಮಗುವನ್ನು ಕೊಡಿ" ಎಂದು ಕೂಗುವಷ್ಟರಲ್ಲಿ ರೈಲು ಅಲ್ಲಾಡಿರುತ್ತದೆ. ಬ್ಯಾಗು ಒಳಗೇ ಉಳಿದರೆ ಬೋಗಿ ಮತ್ತು ಬರ್ತಿನ ಸಂಖ್ಯೆ ಹೇಳಿ 139ಕ್ಕೆ ಕರೆ ಮಾಡಿ. ಮುಂದಿನ ನಿಲ್ದಾಣದಲ್ಲಿ ಅದನ್ನು ಇಳಿಸಿಕೊಳ್ಳಲು ಕೇಳಿಕೊಳ್ಳಬಹುದು.