ಊರಿಗೆ ಎಷ್ಟು ಮೈಲಿ?

ಈ ದೇಶದ ಹೆದ್ದಾರಿಯಲ್ಲಿ ಹಸಿರು ಫಲಕವೊಂದು ಮುಂದಿನ ಮಹಾನಗರಕ್ಕೆ 40 ಮೈಲಿ ಎಂದು ಸಾರುತ್ತದೆ. 30 ಮೈಲಿ ಕ್ರಮಿಸುವುದರೊಳಗೆ ನಗರದ ಎಲ್ಲೆಯನ್ನು ಸೂಚಿಸುವ ಮತ್ತೊಂದು ಫಲಕ ಎದುರಾಗುತ್ತದೆ. ಊರಿನಿಂದ ಬಂದ ಹಿರಿಯರು ಜೊತೆಯಲ್ಲಿದ್ದರೆ 'ಇವರ ಲೆಕ್ಕವೇ ತಪ್ಪಲ್ಲವೇನಪ್ಪಾ?' ಎಂದು ಕೇಳುವುದುಂಟು. ಲೆಕ್ಕ ಸರಿಯಾಗಿಯೇ ಇದೆ. ಊರು ಎಂದರೆ ಯಾವ ಜಾಗ ಎಂಬುದರಲ್ಲಿ ಮಾತ್ರ ನಮಗೂ ಫಲಕ ನೆಟ್ಟವರಿಗೂ ಅಭಿಪ್ರಾಯಭೇದವಿದೆ.

ಅಮೆರಿಕದ ಫಲಕಗಳಲ್ಲಿ ದೂರವನ್ನು ಸಾಮಾನ್ಯವಾಗಿ ಊರಿನ ಗಡಿಯವರೆಗಲ್ಲ, ಅದರ ನಡುಭಾಗದವರೆಗೆ, ರಸ್ತೆಯುದ್ದಕ್ಕೂ ಎಣಿಸುತ್ತಾರೆ. ಸ್ಪಷ್ಟವಾದ ಪೇಟೆ ಇದ್ದರೆ ಅದನ್ನೇ ಆಧಾರವಾಗಿ ಹಿಡಿಯುವುದು ವಾಡಿಕೆ. ಆದರೆ ಅಂತಿಮ ನಿರ್ಧಾರ ಆಯಾ ಆಡಳಿತದ್ದು. ಆದ್ದರಿಂದ ಎರಡು ರಾಜ್ಯಗಳ ಪದ್ಧತಿ ಒಂದೇ ಆಗಿರಬೇಕೆಂದಿಲ್ಲ.

ಈ ವಿಷಯದಲ್ಲಿ ನನಗೆ ಲಂಡನ್ನಿನ ಕ್ರಮವೇ ಹೆಚ್ಚು ಪ್ರಿಯ. ಒಂದು ಕಾಲದಲ್ಲಿ ಅಲ್ಲಿಯೂ ಒಂದೊಂದು ರಸ್ತೆಯ ಮೈಲಿಗಲ್ಲುಗಳು ಒಂದೊಂದು ಕಡೆಯಿಂದ ಆರಂಭವಾಗುತ್ತಿದ್ದವು. ಈಗ ಲಂಡನ್ನಿಗೆ ಇಷ್ಟು ಮೈಲಿ ಎಂದರೆ ಚೇರಿಂಗ್ ಕ್ರಾಸಿಗೆ ಇಷ್ಟು ಮೈಲಿ ಎಂದರ್ಥ. 1290ರಲ್ಲಿ ತೀರಿಕೊಂಡ ರಾಣಿ ಎಲಿನಾರಳ ನೆನಪಿಗೆ ಒಂದನೆಯ ಎಡ್ವರ್ಡ್ ದೊರೆ ನಿಲ್ಲಿಸಿದ ಹನ್ನೆರಡು ಶಿಲುಬೆಗಳಲ್ಲಿ ಕೊನೆಯದು ಅಲ್ಲಿತ್ತು. 1647ರಲ್ಲಿ ಅದನ್ನು ಕೆಡವಲಾಯಿತು. ಅದೇ ಸ್ಥಳದಲ್ಲಿ 1675ರಿಂದ ಒಂದನೆಯ ಚಾರ್ಲ್ಸ್ ದೊರೆಯ ಅಶ್ವಾರೂಢ ಪ್ರತಿಮೆ ನಿಂತಿದೆ. ಪತ್ನೀವಿಯೋಗದ ಗುರುತೊಂದು ರಾಜಧಾನಿಯ ಅಳತೆಗೋಲಾಯಿತೆಂಬುದು ಎಂಜಿನಿಯರುಗಳಿಗೆ ಹೊಳೆದಿತ್ತೋ ಇಲ್ಲವೋ!

ವಾಷಿಂಗ್ಟನ್ನಿನಲ್ಲಿಯೂ ಇಂತಹ ಪ್ರಯತ್ನ ನಡೆಯಿತು. ಶ್ವೇತಭವನದ ದಕ್ಷಿಣಕ್ಕೆ 1923ರಲ್ಲಿ 'ಶೂನ್ಯ ಮೈಲಿಗಲ್ಲು' ಸ್ಥಾಪನೆಗೊಂಡಿತು. ದೇಶದ ಎಲ್ಲ ಹೆದ್ದಾರಿಗಳ ದೂರವನ್ನೂ ಇಲ್ಲಿಂದಲೇ ಎಣಿಸಬೇಕೆಂಬುದು ಸಂಕಲ್ಪ. ಅದು ರಾಜಧಾನಿಯ ಸುತ್ತಲಿನ ರಸ್ತೆಗಳನ್ನು ದಾಟಿ ಮುಂದೆ ಹೋಗಲಿಲ್ಲ.

ಸಮ್ಮೇಳನಕ್ಕೆ ನೂರಾರು ಮೈಲಿ ಕಾರು ನಡೆಸಿಕೊಂಡು ಬರುವ ನಮ್ಮವರಿಗೆ ಇದಕ್ಕಿಂತ ಮುಖ್ಯವಾದುದು ಇನ್ನೊಂದು ಅಂಕಿ. ಅಂತರರಾಜ್ಯ ಹೆದ್ದಾರಿಯ ಅಂಚಿನಲ್ಲಿ ಚಿಕ್ಕ ಹಸಿರು ಪಟ್ಟಿಗಳ ಮೇಲೆ ಬರೆದಿರುವ ಮೈಲಿಸಂಖ್ಯೆ ಅದು. ಯಾವ ಊರಿಗೆ ಎಷ್ಟು ದೂರ ಎಂಬುದನ್ನು ಅದು ಹೇಳುವುದಿಲ್ಲ. ಪಶ್ಚಿಮದಿಂದ ಪೂರ್ವಕ್ಕೆ, ದಕ್ಷಿಣದಿಂದ ಉತ್ತರಕ್ಕೆ ಏರುತ್ತಾ ಹೋಗಿ, ರಾಜ್ಯದ ಗಡಿ ದಾಟಿದೊಡನೆ ಸಾಮಾನ್ಯವಾಗಿ ಮತ್ತೆ ಸೊನ್ನೆಯಿಂದ ಮೊದಲಾಗುತ್ತದೆ. ಬಹುತೇಕ ರಾಜ್ಯಗಳಲ್ಲಿ ನಿರ್ಗಮನದ್ವಾರಗಳ ಸಂಖ್ಯೆಯೂ ಇದನ್ನೇ ಅನುಸರಿಸುತ್ತದೆ. ನಡುರಾತ್ರಿ ಕಾರು ಕೆಟ್ಟು ನಿಂತು 911ಕ್ಕೆ ಕರೆ ಮಾಡಿದಾಗ, 'ದೊಡ್ಡ ಊರಿಗೆ ಇನ್ನು ಮೂವತ್ತು ಮೈಲಿ ಇದೆ' ಎಂದರೆ ಸಹಾಯಕ್ಕೆ ಬರುವವರು ಹುಡುಕಬೇಕಾಗುತ್ತದೆ. ಹೆದ್ದಾರಿಯ ಸಂಖ್ಯೆ, ಹೋಗುತ್ತಿದ್ದ ದಿಕ್ಕು, ಕೊನೆಯದಾಗಿ ಕಂಡ ಪಟ್ಟಿಯ ಅಂಕಿ, ಈ ಮೂರನ್ನು ಹೇಳಿದರೆ ಅವರು ನೇರವಾಗಿ ಬರುತ್ತಾರೆ. ಮನೆಯಲ್ಲಿ ಹೊಸದಾಗಿ ಕಾರು ಕಲಿಯುತ್ತಿರುವ ಮಕ್ಕಳಿಗೂ ಇದನ್ನು ದಯವಿಟ್ಟು ತಿಳಿಸಿರಿ. ಕ್ಯಾಲಿಫೋರ್ನಿಯಾದಿಂದ ಬರುವವರಿಗೆ ಮಾತ್ರ ಒಂದು ಸೂಚನೆ: ನಿಮ್ಮಲ್ಲಿನ ಬಿಳಿಯ ಪಟ್ಟಿಗಳ ಎಣಿಕೆ ಪ್ರತಿ ಕೌಂಟಿಯ ಗಡಿಯಲ್ಲಿ ಹೊಸದಾಗಿ ಆರಂಭವಾಗುವುದರಿಂದ, ಅಲ್ಲಿ ಕೌಂಟಿಯ ಹೆಸರನ್ನೂ ಸೇರಿಸಿ ಹೇಳಬೇಕು.